ಕುಡಿತ ಬಿಟ್ಟ ಮೊದಲ ಮೂರು ದಿನ ನಿಮ್ಮ ಕಥೆಯಲ್ಲಿಲ್ಲ

ನಮಸ್ಕಾರ,

ನಿಮ್ಮ ಕಥೆಯನ್ನು ಪೆನ್ಸಿಲ್ ಹಿಡಿದು ಓದಿದೆ. ಈಗಿನ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ಹಿಂದಿರುಗಿಸಲೂ ಮನಸ್ಸಾಗಲಿಲ್ಲ. ಕುಡಿತದ ಬಗ್ಗೆ ನಮಗೆ ಬರುವ ಕಥೆಗಳಲ್ಲಿ ಹೆಚ್ಚಿನವು ಹೆಂಡತಿಯ ಕಣ್ಣೀರಿನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತವೆ. ನೀವು ಬಿಡಲು ಹೊರಟವನ ಮುಖ ನೋಡಿದ್ದೀರಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ನಾನು ಓದಿದ ಕಥೆ ಇದು ಹೌದೋ ಅಲ್ಲವೋ ನೋಡಿ. ಸದಾನಂದ ಮಲ್ಪೆಯ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಬೋಟು ದಕ್ಕೆಯಲ್ಲಿ, ತಾಂಡೇಲ ಬಾರಿನಲ್ಲಿ. ಮಗಳ ಶಾಲೆಯ ಫೀಸಿಗೆಂದು ತೆಗೆದಿಟ್ಟ ಹಣವೂ ಒಂದು ಸಂಜೆ ಹೋಗುತ್ತದೆ. ಮಗಳು ಅಳುತ್ತಾಳೆ. ಅವನು ಬಾಟಲಿಯನ್ನು ಅಂಗಳದ ಕಲ್ಲಿಗೆ ಅಪ್ಪಳಿಸಿ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ‘ಮೂರು ದಿನ ಕಳೆದು ಹೊರಬಂದಾಗ ಅವನು ಹೊಸ ಮನುಷ್ಯನಾಗಿದ್ದ’ ಎಂಬಲ್ಲಿಗೆ ಆರನೇ ಪುಟ ಮುಗಿಯುತ್ತದೆ. ಏಳನೇ ಪುಟದಲ್ಲಿ ಉಡುಪಿಯ ಒಂದು ಸಭೆ, ಒಬ್ಬ ಹಿರಿಯರ ಭಾಷಣ, ಚಪ್ಪಾಳೆ. ಆಗಸ್ಟಿನಲ್ಲಿ ಬೋಟು ಕಡಲಿಗಿಳಿಯುತ್ತದೆ.

ಬಾಟಲಿ ಒಡೆಯುವುದಕ್ಕೆ ಎರಡು ಪುಟ ಕೊಟ್ಟಿದ್ದೀರಿ, ಮಗಳ ಅಳುವಿಗೆ ಒಂದೂವರೆ. ಬಾಗಿಲಾಚೆಯಿಂದ ಕೇಳುವ ಒಂದು ಕಿರುಚಾಟ ಬಿಟ್ಟರೆ, ಆ ಮೂರು ದಿನಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಬಾಟಲಿ ಒಡೆಯಲು ಸಿಟ್ಟು ಬಂದರೆ ಸಾಕು. ಕುಡಿಯುವವರಲ್ಲಿ ಎಷ್ಟೋ ಜನ ಎಷ್ಟೋ ಸಲ ಒಡೆದಿರುತ್ತಾರೆ. ಕಷ್ಟ ಶುರುವಾಗುವುದು ಮರುದಿನ ಬೆಳಿಗ್ಗೆ. ನಿಮ್ಮ ಕಥೆ ಶುರುವಾಗಬೇಕಾದದ್ದೂ ಅಲ್ಲಿಂದಲೇ.

ದಿನಾ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯೊಳಗೇ ಮೈ ಲೆಕ್ಕ ಕೇಳತೊಡಗುತ್ತದೆ. ಕೈ ನಡುಕ, ಬೆವರು, ವಾಕರಿಕೆ, ಎದೆ ಡವಡವ, ಯಾವುದಕ್ಕೆಂದು ಗೊತ್ತಾಗದ ಹೆದರಿಕೆ, ನಿದ್ದೆ ಹತ್ತದ ರಾತ್ರಿ. ನಿಮ್ಮ ಸದಾನಂದ ಹದಿನೈದು ವರ್ಷದಿಂದ ದಿನಕ್ಕೆ ಎರಡು ಕ್ವಾರ್ಟರ್ ಕುಡಿದವನು. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ.; ಅದರಲ್ಲಿ ಆಲ್ಕೋಹಾಲ್ ಸುಮಾರು 60 ಗ್ರಾಂ. ದಿನವೂ ಇಷ್ಟು ಮಂಪರು ಸುರಿದರೆ ಮೆದುಳು ಅದಕ್ಕೆ ಎದುರಾಗಿ ತನ್ನನ್ನು ಸದಾ ಹೆಚ್ಚು ಚುರುಕಿನಲ್ಲಿ ಇಟ್ಟುಕೊಳ್ಳುವುದನ್ನು ಕಲಿಯುತ್ತದೆ. ಮದ್ಯ ನಿಂತ ದಿನ ಮಂಪರು ಹೋಗುತ್ತದೆ, ಆ ಚುರುಕು ಮಾತ್ರ ಹಿಡಿತವಿಲ್ಲದೆ ಉಳಿಯುತ್ತದೆ. ನಡುಕ, ಬೆವರು, ಹೆದರಿಕೆ ಎಲ್ಲ ಅದರದ್ದೇ ಕೆಲಸ. ಐದನೇ ಪುಟದಲ್ಲಿ ನಿಮ್ಮ ನಿರೂಪಕ ‘ಛಲವಿದ್ದವನಿಗೆ ಯಾವುದೂ ದೊಡ್ಡದಲ್ಲ’ ಎನ್ನುತ್ತಾನಲ್ಲ, ಆ ಸಾಲನ್ನು ತೆಗೆದುಬಿಡಿ. ನಡುಗುವ ಕೈಯನ್ನು ಛಲ ಹಿಡಿದು ನಿಲ್ಲಿಸುವುದಿಲ್ಲ. ಓದುವವರಲ್ಲಿ ನಾಲ್ಕು ಸಲ ಬಿಟ್ಟು ನಾಲ್ಕು ಸಲ ಸೋತವರಿರುತ್ತಾರೆ. ಅವರಿಗೆ ಆ ಸಾಲು ಬೈಗುಳದಂತೆ ಕೇಳುತ್ತದೆ.

ಇದನ್ನು ಬರೆಯಲು ನಿಮಗೆ ಕೈ ಇದೆ ಎನ್ನುವುದಕ್ಕೆ ಎರಡನೇ ಪುಟವೇ ಸಾಕ್ಷಿ. ಬೆಳಿಗ್ಗೆ ಮಗಳು ಅಪ್ಪನಿಗೆ ಚಾ ತರುತ್ತಾಳೆ. ಉಳಿದವರಿಗೆಲ್ಲ ಲೋಟದ ತುಂಬ, ಅಪ್ಪನಿಗೆ ಅರ್ಧ. ಅವನು ಎರಡೂ ಕೈಯಲ್ಲಿ ಹಿಡಿದು, ಲೋಟವನ್ನು ಬಾಯಿಗೆ ತರುವ ಬದಲು ಬಾಯಿಯನ್ನೇ ಲೋಟದ ಹತ್ತಿರ ಒಯ್ಯುತ್ತಾನೆ. ಅರ್ಧ ಲೋಟ ಯಾಕೆ ಅಂತ ನೀವು ಹೇಳಲಿಲ್ಲ, ಹುಡುಗಿಯೂ ಹೇಳಲಿಲ್ಲ. ಹತ್ತು ವರ್ಷದ ಮಗು ಎಷ್ಟು ದಿನ ನೋಡಿ ಇದನ್ನು ಕಲಿತಿರಬೇಕು ಎಂದು ನಾನು ಹಾಳೆಗಳನ್ನು ಕೆಳಗಿಟ್ಟು ಕೂತೆ. ಇಡೀ ಕಥೆ ಈ ಕಣ್ಣಿನಿಂದ ಬರಬೇಕು. ಮೊದಲ ದಿನ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲದಿದ್ದಾಗ ಮನೆಯಲ್ಲಿ ಯಾರು ಏನು ಮಾಡಿದರು? ಸಂಜೆ ಬಾರಿಗೆ ಹೊರಡುವ ಹೊತ್ತಿಗೆ ಅವನು ಕಾಲನ್ನು ಎಲ್ಲಿಟ್ಟುಕೊಂಡ? ಹೊರಗೆ ಜೂನಿನ ಮಳೆ, ಒಳಗೆ ಕೆಲಸವಿಲ್ಲದ ಮನುಷ್ಯ. ಇಷ್ಟು ಸಾಮಗ್ರಿ ಕೈಯಲ್ಲಿದ್ದೂ ಬಾಗಿಲು ಹಾಕಿಬಿಟ್ಟಿರಿ.

ಆ ಬಾಗಿಲಿನ ಬಗ್ಗೆಯೇ ಇನ್ನೊಂದು ಮಾತಿದೆ. ಅದು ಕಥೆ ಕಟ್ಟುವ ಕಸುಬಿಗಿಂತ ದೊಡ್ಡದು. ಕೋಣೆಯೊಳಗಿನಿಂದ ಎರಡನೇ ರಾತ್ರಿ ಸದಾನಂದ ‘ಗೋಡೆ ತುಂಬ ಹಾವು’ ಎಂದು ಕಿರುಚುವುದು ಹೆಂಡತಿಗೆ ಕೇಳುತ್ತದೆ. ಪಕ್ಕದ ಮನೆಯಾಕೆ ಅದು ಯಾವುದೋ ಉಪದ್ರ, ಬೆಳಿಗ್ಗೆ ದೈವದ ಹತ್ತಿರ ಕೇಳಿಸುವ ಎನ್ನುತ್ತಾಳೆ. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತದೆ. ವಾತಾವರಣ ಕಟ್ಟಲು ಹಾಕಿದ್ದೀರಿ, ಗೊತ್ತು. ಆದರೆ ವೈದ್ಯರ ಕಣ್ಣಿಗೆ ಅದು ಜೀವಕ್ಕೆ ಬಂದ ಗಂಡಾಂತರ. ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಡಾಕ್ಟರರು ಡೆಲಿರಿಯಮ್ ಟ್ರೆಮೆನ್ಸ್ ಎನ್ನುವುದು ಇದಕ್ಕೇ. ಇಲ್ಲದ್ದು ಕಾಣುತ್ತದೆ, ಜಾಗ ಸಮಯ ತಿಳಿಯುವುದಿಲ್ಲ, ಜ್ವರ ಏರುತ್ತದೆ, ಮೈ ಕುದಿಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಹಿಂದೆ ಬಿಡುವಾಗ ಫಿಟ್ಸ್ ಬಂದವರಿಗೆ ಅಪಾಯ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ನರಗಳ ಉದ್ರೇಕ ತಗ್ಗಿಸುವ ಮಾತ್ರೆಯನ್ನು ಅಳೆದು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಅದು ಬರಿದಾಗಿರುತ್ತದೆ, ಕೊಡದಿದ್ದರೆ ಮೆದುಳಿಗೇ ಪೆಟ್ಟು.

ಒಬ್ಬನೇ ಬಾಗಿಲು ಹಾಕಿಕೊಂಡು ಬಿಡುವುದನ್ನು ನಿಮ್ಮ ಕಥೆ ವೀರತನವೆಂದು ತೋರಿಸುತ್ತದೆ. ಅದನ್ನು ಓದಿ ನಮ್ಮೂರಿನ ಯಾರೋ ಒಬ್ಬರು ಹಾಗೆಯೇ ಮಾಡಿದರೆ? ನಾನು ಇದನ್ನು ಪ್ರಕಟಿಸದಿರಲು ಮೊದಲ ಕಾರಣ ಇದೇ.

ಇನ್ನು ಆ ಏಳನೇ ಪುಟದ ಹಿರಿಯರು. ಬಿಳಿ ಪಂಚೆ, ಶಾಂತ ಮುಖ, ಒಂದೂಕಾಲು ಪುಟದ ಉಪದೇಶ. ‘ಮದ್ಯಪಾನವು ಸಂಸಾರದ ಶತ್ರು, ಅದನ್ನು ತ್ಯಜಿಸಿ’ ಎಂದು ಅವರು ಹೇಳುತ್ತಾರೆ. ಸದಾನಂದನಿಗೆ ಇದನ್ನು ಹೇಳದವರು ಯಾರಿದ್ದಾರೆ? ಹೆಂಡತಿ ಹೇಳಿದ್ದಾಳೆ, ಅತ್ತೆ ಹೇಳಿದ್ದಾರೆ, ಬೋಟಿನ ಧಣಿ ಹೇಳಿದ್ದಾರೆ. ಕುಡಿತ ಬಿಡಬೇಕೆನ್ನುವವರು ತಮ್ಮತಮ್ಮಲ್ಲೇ ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಮೀಟಿಂಗಿನಲ್ಲಿ ಸಿಗುವುದು ಬೇರೆಯೇ. ಅಲ್ಲಿ ಶೇರಿಂಗ್ ಮಾಡುವವರು, ಅಂದರೆ ತಮ್ಮ ಅನುಭವ ಹೇಳುವವರು, ‘ನೀನು’ ಎಂದು ಶುರುಮಾಡುವುದಿಲ್ಲ, ‘ನಾನು’ ಎಂದೇ ಶುರುಮಾಡುತ್ತಾರೆ. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿಯುವುದನ್ನು ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಒಳಗೆ ಬರಬಹುದು. ನೀವು ಆ ಸಭೆಯನ್ನೂ ನಮ್ಮ ಊರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರವನ್ನೂ ಒಂದೇ ಮಾಡಿಬಿಟ್ಟಿದ್ದೀರಿ. ಧರ್ಮಸ್ಥಳದ ಕಡೆಯಿಂದ ನಡೆಯುವ ಶಿಬಿರದಲ್ಲಿ ಜನ ಎಂಟು ದಿನ ಒಟ್ಟಿಗೆ ಉಳಿಯುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿಗಳಲ್ಲಿ ಮತ್ತೆ ಸೇರುತ್ತಾರೆ. ಎರಡೂ ಎಷ್ಟೋ ಮನೆಗಳನ್ನು ಉಳಿಸಿವೆ, ಆದರೆ ಎರಡರ ನಡೆ ಬೇರೆ. ಒಂದನ್ನು ಆರಿಸಿಕೊಳ್ಳಿ.

ಆ ಹಿರಿಯರನ್ನು ನೀವು ದೇವರಂಥ ಮನುಷ್ಯರನ್ನಾಗಿ ಮಾಡಿದ್ದೀರಿ; ತನಗೇನೂ ಬೇಡ, ಬೇರೆಯವರಿಗಾಗಿ ಬರುವವರು. ಇಲ್ಲೇ ನೀವು ವಿಷಯದ ಹೃದಯವನ್ನು ತಪ್ಪಿಸಿಕೊಂಡದ್ದು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ಅಮೆರಿಕದ ಷೇರು ದಲ್ಲಾಳಿ ವ್ಯವಹಾರಕ್ಕೆಂದು ಆಕ್ರನ್ ಪಟ್ಟಣಕ್ಕೆ ಹೋಗಿದ್ದರು. ಕುಡಿತ ಬಿಟ್ಟು ಐದೇ ತಿಂಗಳು. ವ್ಯವಹಾರ ಕೈಕೊಟ್ಟಿತು, ತಂಗಿದ್ದ ಹೋಟೆಲಿನಲ್ಲೇ ಬಾರ್ ಇತ್ತು. ಅವರು ಚರ್ಚುಗಳಿಗೆ ಫೋನ್ ಮಾಡಿ, ಬಿಡಲಾಗದೆ ಒದ್ದಾಡುತ್ತಿರುವ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಎಂದು ಕೇಳಿದರು. ತಾನು ಕುಡಿಯದೆ ಉಳಿಯಬೇಕಾದರೆ ಅದೊಂದೇ ದಾರಿ ಎಂದು ಅವರಿಗೆ ಅನ್ನಿಸಿತ್ತು. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಸರ್ಜನ್. ಕಾಲು ಗಂಟೆ ಮಾತಾಡುತ್ತೇನೆಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅಷ್ಟಾಗಿಯೂ ಅವರು ಮತ್ತೊಮ್ಮೆ ಜಾರಿದರು. ತಿರುಗಿ ಬಂದಾಗ ಆಪರೇಷನ್ ಎದುರಿಗಿತ್ತು, ಕೈ ನಡುಗುತ್ತಿತ್ತು. ಬಿಲ್ ಅವರೇ ಒಂದು ಬಿಯರ್ ಕೊಟ್ಟು ಕಳಿಸಿದರು. ಅದೇ ಡಾ. ಬಾಬ್ ಕುಡಿದ ಕೊನೆಯದು. ಆ ದಿನ, 1935ರ ಜೂನ್ 10, ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಸ್ಥೆ ಹುಟ್ಟಿದ ದಿನವೆಂದು ಇವತ್ತಿಗೂ ಲೆಕ್ಕ.

ಬಿಯರ್ ಕೊಟ್ಟದ್ದನ್ನು ಮಾದರಿಯೆಂದು ಹೇಳುತ್ತಿಲ್ಲ. ಈಗ ಆ ಕೆಲಸಕ್ಕೆ ಡಾಕ್ಟರರ ಮಾತ್ರೆಯಿದೆ. ನಾನು ನೋಡುತ್ತಿರುವುದು ಆ ಇಬ್ಬರ ನಡುವಿನ ಸಂಬಂಧವನ್ನು. ಬಂದವನಿಗೂ ಬರುವ ಅಗತ್ಯವಿತ್ತು. ನಿಮ್ಮ ಹಿರಿಯರು ಸದಾನಂದನ ಮನೆಗೆ ಬರುವುದು ತಮ್ಮ ಸ್ವಂತ ಸಂಜೆಯನ್ನು ದಾಟಲಿಕ್ಕೂ ಆಗಿರಲಿ. ಆಗ ಉಪದೇಶ ತಾನಾಗಿ ಉದುರುತ್ತದೆ, ಸದಾನಂದನಿಗೆ ತಲೆ ತಗ್ಗಿಸಬೇಕಾದ ಅವಸ್ಥೆಯೂ ತಪ್ಪುತ್ತದೆ.

ಅವರನ್ನು ಏಳನೇ ಪುಟದಿಂದ ಎತ್ತಿ ಎರಡನೇ ದಿನಕ್ಕೆ ತನ್ನಿ. ಕೊಡೆ ಮಡಚಿ ಜಗಲಿಯಲ್ಲಿ ಕೂರಲಿ. ಬಾಗಿಲು ತೆರೆದಿರಲಿ. ಅವರು ಏನು ಕೇಳುತ್ತಾರೆ? ‘ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ? ನೀರು ನಿಲ್ತದಾ? ನಿನ್ನೆ ರಾತ್ರಿ ಸ್ವಲ್ಪವಾದರೂ ಕಣ್ಣು ಮುಚ್ಚಿತಾ?’ ಇಷ್ಟು ಸರಿಯಾಗಿ ಕೇಳಬಲ್ಲವನು ಅದೇ ದಾರಿಯಲ್ಲಿ ಬಂದವನು ಮಾತ್ರ, ಮತ್ತು ಸದಾನಂದನಿಗೆ ಅದು ಕೂಡಲೇ ತಿಳಿಯುತ್ತದೆ. ‘ಜೀವಮಾನ ಇಡೀ ಕುಡಿಯದೆ ಹೇಗೆ ಇರುವುದು?’ ಎಂದು ಅವನು ಕೇಳಲಿ. ‘ಜೀವಮಾನದ್ದು ಈಗ ಬೇಡ ಮಾರಾಯ. ಇವತ್ತು ರಾತ್ರಿ ಒಂದು ಕುಡಿಯುವುದು ಬೇಡ. ನಾಳೆದ್ದು ನಾಳೆ ನೋಡುವ’ ಎಂದು ಅವರು ಹೇಳಲಿ. ನಂತರ ಹಾವಿನ ರಾತ್ರಿ. ಪಕ್ಕದ ಮನೆಯಾಕೆ ಉಪದ್ರವೆಂದಾಗ ಅವರು ವಾದಕ್ಕೆ ಇಳಿಯುವುದಿಲ್ಲ. ‘ನನಗೂ ಕಂಡಿತ್ತು. ಏಳು, ಆಸ್ಪತ್ರೆಗೆ ಹೋಗುವ’ ಎಂದು ಸದಾನಂದನ ತೋಳು ಹಿಡಿಯುತ್ತಾರೆ. ಮಳೆಯಲ್ಲಿ ಆಟೋ ಹುಡುಕುವುದು, ಆದಿಉಡುಪಿ, ಕರಾವಳಿ ಜಂಕ್ಷನ್ ದಾಟಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ತಲುಪುವುದು, ದಾರಿಯುದ್ದಕ್ಕೂ ಸದಾನಂದ ಪಕ್ಕದಲ್ಲಿ ಕೂತ ಹೆಂಡತಿಯನ್ನೇ ಗುರುತಿಸದಿರುವುದು. ಇದನ್ನು ಬರೆಯಿರಿ. ನಿಮ್ಮ ಭಾಷಣಕ್ಕಿಂತ ಆ ಆಟೋ ನೂರು ಪಾಲು ಮಾತಾಡುತ್ತದೆ.

ಮೂರನೇ ಪುಟದಲ್ಲಿ ಹೆಂಡತಿ ಯಾರೋ ಕೊಟ್ಟ ಮಾತ್ರೆಯನ್ನು ಗಂಡನಿಗೆ ಗೊತ್ತಾಗದಂತೆ ಮೀನು ಸಾರಿನಲ್ಲಿ ಬೆರೆಸುತ್ತಾಳೆ, ನೀವು ಅದನ್ನು ಜಾಣತನವೆಂದು ಬರೆದಿದ್ದೀರಿ. ಕುಡಿತ ಬಿಡಿಸಲು ಕೊಡುವ ಆ ಮಾತ್ರೆ, ಡೈಸಲ್ಫಿರಾಮ್, ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ಡಾಕ್ಟರರೇ ಕೊಡಬೇಕಾದ ಔಷಧ ಅದು. ಆ ಪ್ರಸಂಗ ಪೂರ್ತಿ ಹೋಗಲಿ.

ಆಗಸ್ಟಿನ ಕೊನೆಯೂ ಬೇಡ. ಎರಡು ತಿಂಗಳು ಹಾರಿಸಿ ಬೋಟನ್ನು ಕಡಲಿಗಿಳಿಸಿದರೆ ಎಲ್ಲ ಗೆದ್ದಂತೆ ಕಾಣುತ್ತದೆ. ಮೊದಲ ವಾರ ದಾಟಿದವನಿಗೆ ಹಾಗೆ ಅನ್ನಿಸಿರುವುದಿಲ್ಲ. ಜೂನಿನಲ್ಲಿ ಇನ್ನೂ ಮದುವೆಗಳಿರುತ್ತವೆ. ಆಸ್ಪತ್ರೆಯಿಂದ ಬಂದ ಮೂರನೇ ದಿನಕ್ಕೆ ಅಕ್ಕನ ಮಗನ ಮೆಹಂದಿ ಇರಲಿ. ನಮ್ಮ ಕಡೆ ಮೆಹಂದಿ ರಾತ್ರಿ ಮನೆಯ ಹಿಂದೆ ಏನು ನಡೆಯುತ್ತದೆಂದು ನಿಮಗೆ ಗೊತ್ತು. ಭಾವ ಗ್ಲಾಸು ಹಿಡಿದು ಕರೆಯುತ್ತಾನೆ. ‘ಇವತ್ತು ಒಂದಕ್ಕೆ ಎಂತ ಆಗ್ತದೆ?’ ಸದಾನಂದ ತೋಟದ ಅಂಚಿಗೆ ಹೋಗಿ ಆ ಹಿರಿಯರಿಗೆ ಫೋನ್ ಮಾಡಲಿ. ಅವರು ಎತ್ತುತ್ತಾರೋ, ಎತ್ತಿ ಏನು ಹೇಳುತ್ತಾರೋ, ಅದು ನಿಮಗೆ ಬಿಟ್ಟದ್ದು.

ಕೊನೆಗೆ, ನಿಮ್ಮ ಪತ್ರದಲ್ಲಿದ್ದ ಒಂದು ವಾಕ್ಯ ನನ್ನನ್ನು ಚಿಂತೆಗೆ ಹಚ್ಚಿದೆ. ಮಾವನ ಜೊತೆ ಆ ಸಂಸ್ಥೆಯ ಓಪನ್ ಮೀಟಿಂಗಿಗೆ, ಅಂದರೆ ಹೊರಗಿನವರೂ ಕೂರಬಹುದಾದ ಸಭೆಗೆ ಹೋಗಿದ್ದೆ, ಅಲ್ಲಿ ಕೇಳಿದ್ದನ್ನೇ ಬರೆದಿದ್ದೇನೆ ಎಂದಿದ್ದೀರಿ. ಸಭೆಯ ದೃಶ್ಯದಲ್ಲಿ ಮಾತಾಡುವ ಮೂವರ ಕಸುಬು, ಊರು, ಒಬ್ಬರ ಬೋಟಿನ ಹೆಸರು ಕೂಡ ಇದೆ. ಮಲ್ಪೆಯಲ್ಲಿ ಬೋಟಿನ ಹೆಸರು ಹೇಳಿದರೆ ಮನೆಯ ಬಾಗಿಲು ತೋರಿಸಿದ ಹಾಗೆಯೇ. ಆ ಕೋಣೆಯಲ್ಲಿ ಜನ ಬಾಯಿ ಬಿಡುವುದು ಮಾತು ಹೊರಗೆ ಹೋಗದೆಂಬ ಧೈರ್ಯದಿಂದ. ಪತ್ರಿಕೆಯಲ್ಲಿ ಸದಸ್ಯರ ಗುರುತು ಬರಬಾರದೆಂಬುದು ಆ ಸಂಸ್ಥೆಯ ಹನ್ನೆರಡು ಸಂಪ್ರದಾಯಗಳಲ್ಲೇ ಇದೆ. ಮೂವರನ್ನೂ ತೆಗೆದು ನಿಮ್ಮದೇ ಪಾತ್ರಗಳನ್ನು ಕಟ್ಟಿ. ತಿದ್ದಿದ ಕಥೆಯನ್ನು ಮೊದಲು ಮಾವನಿಗೆ ಓದಿ ಹೇಳಿ. ಅವರು ಬೇಡವೆಂದ ಭಾಗ ನಮಗೂ ಬೇಡ. ಅವರು ಒಪ್ಪಿದ ಮೇಲೆ ಕಳಿಸಿ. ಕಥೆಯ ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಎರಡನ್ನೂ ನಾವು ಅಚ್ಚು ಹಾಕುತ್ತೇವೆ.

ವಿಶ್ವಾಸದಿಂದ,
ಸಂಪಾದಕ