ಥಾಮಸ್ ರೈಲಿನ ಮರದ ಆಟಿಕೆಗೆ ಮೊದಲಿನ ಕ್ರೇಜ್ ಯಾಕಿಲ್ಲ?

ಥಾಮಸ್ ಅಂದ್ರೆ ಮುಖ ಇರೋ ರೈಲಿಂಜಿನ್ನು, ಅದರದ್ದೇ ಮಕ್ಕಳ ಟೀವಿ ಶೋ ಇದೆ. ಆ ಶೋ ಹಳೇದಾಯ್ತು ಅಂತ ಆಟಿಕೆ ಬೇಡ ಆಗಲ್ಲ, ಮೂರು ವರ್ಷದ ಮಗೂಗೆ ಎಲ್ಲಾ ಶೋನೂ ಹೊಸದೇ. ನನ್ ಪ್ರಕಾರ ದೊಡ್ಡ ಪೆಟ್ಟು ಬಿದ್ದಿದ್ದು ಹೊಸ ಸೆಟ್ಟು ಹಳೇದಕ್ಕೆ ಕೂಡ್ಕೊಳ್ದೇ ಹೋದಾಗ. ಬ್ರಿಟನ್ನಲ್ಲಿ ಶೋ ಶುರುವಾಗಿದ್ದು 1984ರಲ್ಲಿ, ಮರದ ರೈಲುಗಳು ಬಂದಿದ್ದು 90ರ ದಶಕದಲ್ಲಿ, ಅದರ ಮಜಾನೇ ಅಣ್ಣ ಆಡಿ ಬಿಟ್ಟ ಹಳಿಗೆ ತಮ್ಮ ಹೊಸ ತುಂಡು ಸೇರಿಸ್ಕೊಂಡು ಮನೆ ತುಂಬಾ ಬೆಳೆಸ್ತಾ ಹೋಗೋದು. 2017ರಲ್ಲಿ ಈ ಆಟಿಕೆ ಮಾಡೋ ಮ್ಯಾಟೆಲ್ ಕಂಪನಿಯೋರು ಡಿಸೈನ್ ಬದಲಾಯಿಸಿದ್ರು, ಇಂಜಿನ್ ಮೇಲೆ ಅಲ್ಲಲ್ಲಿ ಮಾತ್ರ ಬಣ್ಣ, ಮಿಕ್ಕಿದ್ದು ಬರೀ ಮರ, ಹಳಿ ಕೊಂಡಿನೂ ಬೇರೆ, ಹಳೇ ಹಳಿಗೆ ಸೇರಿಸ್ಬೇಕು ಅಂದ್ರೆ ಅಡಾಪ್ಟರ್ ಬೇಕು. ವರ್ಷಗಟ್ಟಲೆ ಕೂಡಿಟ್ಟೋರಿಗೆ ಹೊಟ್ಟೆ ಉರಿಯಲ್ವಾ? 2019ರಲ್ಲಿ ಪೂರ್ತಿ ಬಣ್ಣದ್ದಕ್ಕೆ ವಾಪಸ್ ಬಂದ್ರು. ಆಮೇಲೆ 2021ರಲ್ಲಿ ಶೋನೇ 2ಡಿ ಕಾರ್ಟೂನ್ ಆಯ್ತು, ಟೀವೀಲಿ ಕಾಣೋ ಮುಖ ಒಂದು ಮನೇಲಿರೋ ಇಂಜಿನ್ ಮುಖ ಇನ್ನೊಂದು, ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತೆ.

ನಮ್ ತುಮಕೂರು ಕಡೆ ಮುಖ್ಯ ವಿಷಯ ರೇಟು. ಸಿದ್ಧಗಂಗೆ ಜಾತ್ರೇಲಿ ಕೀ ಕೊಟ್ರೆ ಗರಗರ ಸುತ್ತೋ ಪ್ಲಾಸ್ಟಿಕ್ ರೈಲು ಕಮ್ಮಿಗೆ ಸಿಗೋವಾಗ ಒಂದು ಮರದ ಇಂಜಿನ್ನಿಗೆ ಅಷ್ಟು ದುಡ್ಡು ಯಾರು ಹಾಕ್ತಾರೆ, ಅದೂ ಮಗು ಮೊಬೈಲಲ್ಲಿ ವಾರಕ್ಕೊಂದು ಹೊಸ ಪಾತ್ರ ಹಿಡ್ಕೊಂಡು ಅದೇ ಬೇಕು ಅಂತ ಹಠ ಮಾಡೋವಾಗ.

ಆದ್ರೂ ಆ ಹಳೇ ಸೆಟ್ಟು ನಿಜವಾಗ್ಲೂ ಗಟ್ಟಿ ಮಾಲು. ಮನೇಲಿ ಇದ್ರೆ ಗುಜರಿಗೆ ಹಾಕ್ಬೇಡಿ, ಚಿಕ್ಕ ಮಕ್ಕಳಿರೋ ನೆಂಟರಿಗೆ ಕೊಡಿ, ಹೊಸ ತುಂಡು ತಗೊಳ್ಳೋ ಮುಂಚೆ ಹಳಿ ಕೊಂಡಿ ಹೊಂದುತ್ತಾ ಅಂತ ಒಂದ್ಸಲ ನೋಡ್ಕೊಳ್ಳಿ.