ಮೊದಲ ಲೆವೆಲ್‌ನಲ್ಲೇ ನನ್ನ ಕ್ಯಾರೆಕ್ಟರ್ ಸಾಯುತ್ತದೆ, ಯಾವ ಕ್ಲಾಸ್ ತಗೊಂಡರೆ ಬದುಕಬಹುದು?

ಟೇಬಲ್ ಸುತ್ತ ಕೂತು ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರದಾಟದಲ್ಲಿ ನನ್ನ ಮೂರನೇ ಕ್ಯಾರೆಕ್ಟರ್ ಸತ್ತ ರಾತ್ರಿ ನಾನೂ ಇದನ್ನೇ ಕೇಳಿದ್ದೆ. ಈಗ ಕೇಳಿದರೆ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಕ್ಲಾಸ್, ಅಂದರೆ ಕ್ಯಾರೆಕ್ಟರ್‌ನ ಕಸುಬು, ಬದಲಾಯಿಸಿದರೆ ಸಾಯುವ ಬಗೆ ಬದಲಾಗುತ್ತದೆ, ಅಷ್ಟೇ.

ಆಡುತ್ತಿದ್ದದ್ದು ಅದರ ಐದನೇ ಆವೃತ್ತಿ. ನನ್ನದು ವಿಝರ್ಡ್ (ಮಾಂತ್ರಿಕ), 7 ಹಿಟ್ ಪಾಯಿಂಟ್, ಅಂದರೆ ಅಷ್ಟೇ ಪ್ರಾಣಬಲ. ಗುಹೆ, ನಾಲ್ಕು ಗಾಬ್ಲಿನ್ (ಕುಳ್ಳ ರಾಕ್ಷಸರು). ಮೊದಲ ಬಾಣಕ್ಕೆ 5 ಹೋಯಿತು, ಎರಡನೆಯದಕ್ಕೆ ನೆಲ ಕಚ್ಚಿದೆ.

ಆಗ ನನ್ನ ಚೀಲದಲ್ಲಿ ಒಂದು ಹೀಲಿಂಗ್ ಪೋಷನ್ (ಕುಡಿದರೆ ಗಾಯ ವಾಸಿಯಾಗುವ ಮದ್ದು) ಇತ್ತು! ಹಿಂದಿನ ಸೆಷನ್‌ನಲ್ಲಿ ಒಂದು ಹೆಣದ ಜೇಬಿನಿಂದ ಎತ್ತಿದ್ದು. ಯಾರಿಗೂ ಹೇಳಿರಲಿಲ್ಲ. ಬಚ್ಚಿಟ್ಟೆ ಅಂತಲ್ಲ. ಸರಿ, ಬಚ್ಚಿಟ್ಟೆ ಅಂತಲೇ ಅಂದುಕೊಳ್ಳಿ. ಪ್ರಾಣಕ್ಕೆ ಬಂದಾಗ ನಾನೇ ಕುಡಿದರಾಯಿತು ಅನ್ನೋ ಲೆಕ್ಕ. ಆದರೆ ಹಿಟ್ ಪಾಯಿಂಟ್ 0 ಆದರೆ ಎಚ್ಚರವೇ ಇರುವುದಿಲ್ಲ. ಎಚ್ಚರ ಇಲ್ಲದವನು ಕುಡಿಯೋದು ಹೇಗೆ? ಪಕ್ಕದವರು ಬಾಯಿಗೆ ಹೊಯ್ಯಬೇಕು. ಹೊಯ್ಯಬೇಕಾದರೆ ಅದು ಇದೆ ಅಂತ ಅವರಿಗೆ ಗೊತ್ತಿರಬೇಕು, ಅಲ್ವಾ? ನಮ್ಮ ಗುಂಪಿನ ಫೈಟರ್ (ಯೋಧ) ನಕ್ಷೆಯಲ್ಲಿ ಒಂದೇ ಚೌಕ ಆಚೆ ನಿಂತಿದ್ದ. "ಯಾರ ಹತ್ರನಾದ್ರೂ ಪೋಷನ್ ಇದೆಯಾ?" ಅಂತ ಕೇಳಿದ. ಬಿದ್ದವರು ಮಾತಾಡುವ ಹಾಗಿಲ್ಲ, ಅದು ನಮ್ಮ ಟೇಬಲ್ಲಿನ ಕಟ್ಟಳೆ. ನನ್ನ ಕ್ಯಾರೆಕ್ಟರ್ ಶೀಟ್‌ನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ 'ಪೋಷನ್ 1' ಅನ್ನು ನೋಡುತ್ತಾ ಸುಮ್ನೆ ಕೂತೆ. ಅವನು ಗಾಬ್ಲಿನ್ ಕಡೆ ತಿರುಗಿದ.

ಹೀಗೆ ಬಿದ್ದವನು ತನ್ನ ಪ್ರತಿ ಸರದಿಯಲ್ಲೂ ಡೆತ್ ಸೇವ್ ಅನ್ನೋ ದಾಳ ಉರುಳಿಸಬೇಕು. 20 ಮುಖದ ದಾಳದಲ್ಲಿ 10ಕ್ಕಿಂತ ಕಡಿಮೆ ಬಿದ್ದರೆ ಒಂದು ಸೋಲು, ಮೂರು ಸೋಲಿಗೆ ಸಾವು. ನನಗೆ ಮೊದಲು 7 ಬಿತ್ತು. ಆಮೇಲೆ 1. ಆ 1 ಎರಡು ಸೋಲಿಗೆ ಸಮ. ಎರಡೇ ಸರದಿಯಲ್ಲಿ ಕಥೆ ಮುಗಿಯಿತು.

ಹಾಗಾಗಿ ಕ್ಲಾಸ್ ಯಾವುದಾದರೂ ತಗೊಳ್ಳಿ, ಸೆಷನ್ ಶುರುವಾಗುವ ಮುಂಚೆ ನಿಮ್ಮ ಚೀಲದಲ್ಲಿ ಏನೇನಿದೆ ಅಂತ ಎಲ್ಲರಿಗೂ ಜೋರಾಗಿ ಓದಿ ಹೇಳಿ. ನಾಚಿಕೆ ಬೇಡ. ಇನ್ನೊಂದು, ಅರ್ಧ ಹಿಟ್ ಪಾಯಿಂಟ್ ಇರುವಾಗಲೇ "ಓಡೋಣ" ಅನ್ನಿ. 2 ಉಳಿದಾಗ ಅಂದರೆ ಓಡೋಕೂ ಆಗಲ್ಲ. ಶತ್ರು ಕೈಗೆಟಕುವಷ್ಟು ಹತ್ತಿರ ಇದ್ದರೆ ಡಿಸ್‌ಎಂಗೇಜ್ (ಏಟು ತಪ್ಪಿಸಿಕೊಂಡು ಹಿಂದೆ ಸರಿಯುವ ನಡೆ) ಮಾಡಿಯೇ ಹೊರಡಿ. ಸುಮ್ನೆ ಬೆನ್ನು ತಿರುಗಿಸಿದರೆ ಹೋಗುವಾಗ ಒಂದೇಟು ಬಿಗಿಯುತ್ತದೆ. ದಪ್ಪ ಕವಚ, ಜಾಸ್ತಿ ಹಿಟ್ ಪಾಯಿಂಟ್ ಎಲ್ಲಾ ಒಳ್ಳೆಯದೇ, ಇಲ್ಲ ಅನ್ನಲ್ಲ. ನಮ್ಮ ಆ ಫೈಟರ್ ಮುಂದಿನ ತಿಂಗಳು ಅಷ್ಟೂ ಕವಚದ ಸಮೇತ ಸತ್ತ.

ನಾನು ಈಗಲೂ ವಿಝರ್ಡ್‌ನೇ ಆಡುತ್ತೇನೆ. ಪೋಷನ್ ಮಾತ್ರ ಕ್ಲೆರಿಕ್ (ಗಾಯ ವಾಸಿ ಮಾಡುವ ಪೂಜಾರಿ) ಕೈಯಲ್ಲಿ ಇರುತ್ತದೆ.