ನೀವು ಕೇಳಿದಿರಿ: ಹಂತಕ ಸಿಗದ ಚಿತ್ರದ ಸುತ್ತ

● ನೀವು ಹೊಗಳಿದ್ದೀರೆಂದು ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’ ನೋಡಿದೆ. ಎರಡು ಗಂಟೆ ಕೂತರೂ ಸರಣಿ ಹಂತಕ ಯಾರೆಂದು ಹೇಳಲೇ ಇಲ್ಲ. ಇದು ಮೋಸವಲ್ಲವೇ?

ಬಾಂಗ್ ಜೂನ್-ಹೋ 2003ರಲ್ಲಿ ಈ ಚಿತ್ರ ಮಾಡಿದಾಗ ಹಂತಕ ಯಾರೆಂಬುದು ಅಲ್ಲಿನ ಪೊಲೀಸರಿಗೇ ಗೊತ್ತಿರಲಿಲ್ಲ. ನಿರ್ದೇಶಕ ಎಲ್ಲಿಂದ ತಂದುಕೊಡಬೇಕು? 1986ರಿಂದ 1991ರವರೆಗೆ ದಕ್ಷಿಣ ಕೊರಿಯಾದ ಹ್ವಾಸೊಂಗ್ ಸುತ್ತಮುತ್ತ ಹತ್ತು ಮಂದಿ ಹೆಂಗಸರು, ಹುಡುಗಿಯರು ಕೊಲೆಯಾದ ನಿಜ ಪ್ರಕರಣವದು. ಕಲ್ಪನೆಯ ಖಳನೊಬ್ಬನನ್ನು ಹಿಡಿದು ತಂದು ಗುಂಡು ಹೊಡೆಸಿದ್ದರೆ ಆಗ ಮೋಸವಾಗುತ್ತಿತ್ತು.

ಸಿಟ್ಟು ಇಳಿದ ಮೇಲೆ ಗದ್ದೆಬಯಲಿನ ದೃಶ್ಯವನ್ನೊಮ್ಮೆ ಮತ್ತೆ ನೋಡಿ. ಹೆಣ ಸಿಕ್ಕ ಜಾಗದಲ್ಲಿ ಜನವೋ ಜನ. ಮಕ್ಕಳು ಓಡಾಡುತ್ತಿದ್ದಾರೆ, ಗದ್ದೆಯ ಏರಿಯಿಂದ ಇಳಿಯುವ ಅಧಿಕಾರಿಗಳು ಜಾರಿ ಬೀಳುತ್ತಿದ್ದಾರೆ. ಮಣ್ಣುದಾರಿಯಲ್ಲಿ ಉಳಿದಿರುವ ಒಂದು ಹೆಜ್ಜೆಗುರುತನ್ನು ಕಾಪಾಡಲು ಪತ್ತೇದಾರ ಪಾರ್ಕ್ ಕೂಗಾಡುತ್ತಿರುವಾಗಲೇ ಟ್ರ್ಯಾಕ್ಟರೊಂದು ಅದರ ಮೇಲೆಯೇ ಹಾದುಹೋಗುತ್ತದೆ. ಎಲ್ಲವೂ ಕತ್ತರಿ ಬೀಳದ ಒಂದೇ ಶಾಟ್. ಹಂತಕನನ್ನು ಉಳಿಸಿದ್ದು ಅವನ ಜಾಣತನವಲ್ಲ, ಈ ಗೊಂದಲ. ನಿಮ್ಮ ‘ಯಾರು’ ಎಂಬ ಪ್ರಶ್ನೆಗಲ್ಲದಿದ್ದರೂ ‘ಯಾಕೆ ಸಿಗಲಿಲ್ಲ’ ಎಂಬುದಕ್ಕೆ ಚಿತ್ರ ಮೊದಲೇ ಉತ್ತರ ಕೊಟ್ಟುಬಿಟ್ಟಿದೆ.

● ಸಿನಿಮಾದ ಸರಣಿ ಹಂತಕರೆಲ್ಲ ಮಹಾ ಬುದ್ಧಿವಂತರೇ ಏಕೆ?

ಪೊಲೀಸರ ಎಡವಟ್ಟುಗಳನ್ನು ಬರೆಯುವುದಕ್ಕಿಂತ ಹಂತಕನಿಗೆ ಚದುರಂಗ ಆಡಿಸುವುದು ಸುಲಭ.

● ನಿಜವಾದ ಹಂತಕ ಕೊನೆಗೂ ಸಿಕ್ಕನೇ?

ಸಿಕ್ಕ, 2019ರಲ್ಲಿ. ಬೆನ್ನಟ್ಟುವ ಅಗತ್ಯವೇ ಇರಲಿಲ್ಲ, ಆಸಾಮಿ ಆಗಲೇ ಜೈಲಿನಲ್ಲಿದ್ದ! ಕಾಪಿಟ್ಟಿದ್ದ ಸಾಕ್ಷ್ಯಗಳಲ್ಲಿ ಸಿಕ್ಕ ಡಿಎನ್‌ಎ, ಲೀ ಚುನ್-ಜೆ ಎಂಬ ಕೈದಿಯದರೊಂದಿಗೆ ತಾಳೆಯಾಯಿತು. 1994ರಲ್ಲಿ ಹೆಂಡತಿಯ ತಂಗಿಯನ್ನು ಕೊಂದು ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವನು. ಸರಣಿ ಕೊಲೆಗಳ ಕಾಲದಲ್ಲೇ ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟುಕಳಿಸಿದ್ದರು. ಹಂತಕನ ರಕ್ತ ‘ಬಿ’ ಗುಂಪಿನದೆಂದು ಅವರು ನಂಬಿದ್ದರು, ಇವನದು ‘ಒ’. ಹ್ವಾಸೊಂಗ್‌ನ ಹತ್ತೂ ಸೇರಿ ಇನ್ನೂ 14 ಕೊಲೆಗಳನ್ನು ಒಪ್ಪಿಕೊಂಡ. ಆದರೆ ಹ್ವಾಸೊಂಗ್ ಕೊಲೆಗಳಿಗೆ ಶಿಕ್ಷೆಯಾಗಲಿಲ್ಲ. ಮೊಕದ್ದಮೆ ಹೂಡಲು ಇದ್ದ 15 ವರ್ಷಗಳ ಕಾಲಮಿತಿ 2006ಕ್ಕೇ ಮುಗಿದಿತ್ತು. ಕೊಲೆಗೆ ಕಾಲಮಿತಿಯೇ ಬೇಡವೆಂದು ಕೊರಿಯಾ ತೀರ್ಮಾನಿಸಿದ್ದು 2015ರಲ್ಲಿ.

● ಠಾಣೆಯಲ್ಲಿ ಹೊಡೆಯುವ ದೃಶ್ಯಗಳಿಗೆ ಮನೆಮಂದಿಯೆಲ್ಲ ನಕ್ಕೆವು. ಆಮೇಲೆ ಕಸಿವಿಸಿಯಾಯಿತು. ನಗಬಾರದಿತ್ತೇ?

ನಿರ್ದೇಶಕ ನಗಿಸಿದ್ದೇ ಆ ಕಸಿವಿಸಿಗಾಗಿ. ಈಗಷ್ಟೇ ಒದ್ದ ಶಂಕಿತನ ಜೊತೆ ಕೂತು ಪೊಲೀಸರು ನೂಡಲ್ಸ್ ತಿನ್ನುತ್ತ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುತ್ತಾರೆ. ಅದೇ ಶಂಕಿತನ ಬೂಟು ತೆಗೆದುಕೊಂಡು ಹೋಗಿ ತಾವೇ ಹೆಜ್ಜೆಗುರುತು ಮೂಡಿಸುತ್ತಾರೆ.

ಚಿತ್ರದ ಹೊರಗಿನ ನಿಜ ಕಥೆಯಲ್ಲಿ ನಗುವಂಥದ್ದೇನೂ ಇಲ್ಲ. ಎಂಟನೆಯ ಕೊಲೆಗೆ 1989ರಲ್ಲಿ ಪೊಲೀಸರು ಕಾಲು ಊನವಿದ್ದ ಯುವಕನೊಬ್ಬನನ್ನು ಹಿಡಿದರು. ನಿದ್ದೆ ಮಾಡಲು ಬಿಡದೆ, ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು ಎಂಬುದು ಆತನ ದೂರು. ಸುಮಾರು 20 ವರ್ಷ ಜೈಲಿನಲ್ಲಿದ್ದ. ನಿಜವಾದ ಹಂತಕ ಬಾಯಿಬಿಟ್ಟ ಮೇಲೆ ಮರುವಿಚಾರಣೆ ನಡೆದು, 2020ರ ಡಿಸೆಂಬರ್‌ನಲ್ಲಿ ನಿರ್ದೋಷಿಯೆಂದು ತೀರ್ಪು ಬಂತು. ಪ್ರಕರಣ ಬಗೆಹರಿಯಿತೆಂದು ಪೊಲೀಸರು ಕೈತೊಳೆದುಕೊಂಡಿದ್ದು ಇದೊಂದರಲ್ಲಿ ಮಾತ್ರ ಎಂಬುದನ್ನು ಗಮನಿಸಿ.

● ಕೊನೆಯಲ್ಲಿ ಪತ್ತೇದಾರ ಪಾರ್ಕ್ ಪಾತ್ರದ ಸಾಂಗ್ ಕಾಂಗ್-ಹೋ ನೇರವಾಗಿ ಕ್ಯಾಮೆರಾವನ್ನೇ ನೋಡುವುದೇಕೆ?

ಹಂತಕ ಎಂದಾದರೂ ಈ ಚಿತ್ರ ನೋಡಲು ಬಂದಾನು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಎಂಬುದು ನಿರ್ದೇಶಕನ ಆಸೆಯಾಗಿತ್ತು. ಅವನು ನೋಡಿದ್ದೂ ಹೌದು, ಜೈಲಿನಲ್ಲಿ. ಏನೂ ಅನ್ನಿಸಲಿಲ್ಲವೆಂದು 2020ರಲ್ಲಿ ನ್ಯಾಯಾಲಯದಲ್ಲಿ ಹೇಳಿದ.

● ಹಂತಕ ಸಿಕ್ಕೇ ಸಿಗುವ ಒಂದು ಒಳ್ಳೆಯ ಚಿತ್ರ ಹೇಳಿ.

ಫ್ರಿಟ್ಜ್ ಲ್ಯಾಂಗ್ 1931ರಲ್ಲಿ ಮಾಡಿದ ‘ಎಂ’. ಮಕ್ಕಳ ಹಂತಕನಿಗಾಗಿ ಪೊಲೀಸರ ದಾಳಿ ಹೆಚ್ಚಿ ಕಳ್ಳರ ಕಸುಬೇ ಕೆಡುತ್ತದೆ. ಸಿಳ್ಳೆಯ ರಾಗದಿಂದ ಅವನ ಗುರುತು ಹಿಡಿಯುವವನು ಬಲೂನು ಮಾರುವ ಕುರುಡ. ಮೊದಲು ಹಿಡಿದು ತರುವವರು ಪೊಲೀಸರಲ್ಲ, ಕಳ್ಳರು. ಇದಕ್ಕೂ ನೀವು ಪತ್ರ ಬರೆಯುತ್ತೀರೆಂದು ಗೊತ್ತು.